ಕುಂಡ ತುಂಬಿದ ಆರ್ಕಿಡ್: ಕತ್ತರಿಸುವ ಮುಂಚೆ ಬೇರು ನೋಡಿ

(ಮುಂಬೈಯ ಮಾಟುಂಗದಲ್ಲಿ ಕನ್ನಡಿಗರ ಒಂದು ಸಣ್ಣ ಕೂಟದಲ್ಲಿ, ಗಿಡ ಮುಂದಿಟ್ಟುಕೊಂಡು ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇನೆ. ಆರ್ಕಿಡ್ ದೊಡ್ಡದಾಗಿದೆ ಅನ್ನುವುದು ರೋಗವಲ್ಲ. ಚಿಗುರು ಕುಂಡದ ಅಂಚು ದಾಟಿದೆ, ಬೇರು ಹೊರಗೆ ತೂಗುತ್ತಿದೆ ಅಂದ ತಕ್ಷಣ ಚಾಕು ಹುಡುಕುವವರು ಬಹಳ ಜನ. ಗಿಡ ಗಟ್ಟಿಯಾಗಿದೆ, ವರ್ಷ ವರ್ಷ ಹೂ ಬಿಡುತ್ತಿದೆ ಅಂದರೆ ಅದರ ಪಾಡಿಗೆ ಅದನ್ನು ಬಿಡಿ. ಒಂದೇ ಕುಂಡದಲ್ಲಿ ಹತ್ತಾರು ಹೂ ಒಟ್ಟಿಗೆ ಅರಳಿದ ಕ್ಯಾಟ್ಲಿಯಾ ನೋಡಿದ್ದೀರಾ? ಅಂಥ ಗಿಡ ಆಗಬೇಕಾದರೆ ಅದನ್ನು ಎಷ್ಟೋ ವರ್ಷ ಯಾರೂ ಕತ್ತರಿಸಿರಬಾರದು.

ಹಾಗಾದರೆ ಯಾವಾಗ ಕೈ ಹಾಕಬೇಕು? ಗಿಡವೇ ಹೇಳುತ್ತದೆ. ಹೊಸ ಬಲ್ಬು, ಅಂದರೆ ನೀರು ಕೂಡಿಟ್ಟುಕೊಳ್ಳುವ ದಪ್ಪ ಕಾಂಡ, ಹಳೆಯದಕ್ಕಿಂತ ಸಣ್ಣದಾಗಿ ಬರುತ್ತಿದೆ. ಹೂವಿನ ಸಂಖ್ಯೆ ಇಳಿದಿದೆ. ಕುಂಡದ ನಡುವೆ ಬರೀ ಒಣಗಿದ ಹಳೆ ಬಲ್ಬುಗಳು, ಅಂಚಿನಲ್ಲಿ ಮಾತ್ರ ಹಸಿರು. ಗಿಡ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಅಲುಗುತ್ತದೆ. ಕುಂಡದ ಒಳಗೆ ಬೆರಳು ಹಾಕಿದರೆ ತೆಂಗಿನ ಸಿಪ್ಪೆ ಮಣ್ಣಿನ ಹಾಗೆ ಮೆತ್ತಗಾಗಿದೆ. ಇದರಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ಕೆಲಸ ಇದೆ ಅಂತ ತಿಳಿಯಿರಿ.

ಇಲ್ಲಿ ಒಂದು ವಿಷಯ ಸ್ಪಷ್ಟ ಆಗಬೇಕು. ಕುಂಡ ತುಂಬಿದ್ದರಿಂದ ಗಿಡ ಸೊರಗುವುದು ಕಡಿಮೆ. ಮೀಡಿಯಾ, ಅಂದರೆ ಮಣ್ಣಿನ ಬದಲು ಕುಂಡಕ್ಕೆ ತುಂಬುವ ಸಿಪ್ಪೆ, ಇದ್ದಿಲಿನಂಥದ್ದು, ಕೊಳೆತದ್ದರಿಂದ ಸೊರಗುವುದೇ ಜಾಸ್ತಿ. ನೀವು ಮಲೆನಾಡಿನವರಾಗಿದ್ದರೆ ಮರದ ಮೇಲೆ ಸೀತಾಳೆ ದಂಡೆ ಅನ್ನುವ ಕಾಡು ಆರ್ಕಿಡ್ ನೋಡಿಯೇ ಇರುತ್ತೀರಿ. ಅದರ ಬೇರು ಎಲ್ಲಿರುತ್ತದೆ? ತೊಗಟೆಗೆ ಅಂಟಿಕೊಂಡು, ಗಾಳಿಗೆ ತೆರೆದುಕೊಂಡು. ಮಳೆ ಜೋರಾಗಿ ಸುರಿಯುತ್ತದೆ, ಬೇರು ತೊಯ್ಯುತ್ತದೆ, ಸ್ವಲ್ಪ ಹೊತ್ತಿಗೆ ಗಾಳಿಗೆ ಆರುತ್ತದೆ. ನಾವು ಕುಂಡದಲ್ಲಿ ಬೆಳೆಸುವ ಡೆಂಡ್ರೋಬಿಯಂ, ಕ್ಯಾಟ್ಲಿಯಾ, ಆನ್ಸಿಡಿಯಂ ಬಹುತೇಕ ಇದೇ ಬದುಕಿನವು. ಇವುಗಳ ಬೇರಿನ ಸುತ್ತ ವೆಲಮೆನ್ ಅನ್ನುವ ಬಿಳಿ ಪದರ ಇರುತ್ತದೆ. ಸ್ಪಂಜಿನ ಹಾಗೆ ಅದು ನೀರನ್ನು ಕ್ಷಣದಲ್ಲಿ ಹೀರಿ ಇಟ್ಟುಕೊಳ್ಳುತ್ತದೆ. ಆದರೆ ಒಳಗಿನ ಜೀವಂತ ಬೇರಿಗೆ ಗಾಳಿ ಬೇಕೇ ಬೇಕು. ಸಿಪ್ಪೆ ಕೊಳೆತು ಕೆಸರಾದಾಗ ಗಾಳಿ ನಿಲ್ಲುತ್ತದೆ. ಬೇರು ಉಸಿರುಗಟ್ಟಿ ಸಾಯುತ್ತದೆ, ಆಮೇಲೆ ಕೊಳೆಯುತ್ತದೆ.

ಬೇರು ಸತ್ತರೆ ನೀರು ಮೇಲೆ ಹೋಗುವುದಿಲ್ಲ, ಬಲ್ಬು ಸುಕ್ಕುಗಟ್ಟುತ್ತದೆ. ಮನೆಯವರು ನೋಡಿ "ಅಯ್ಯೋ, ನೀರು ಸಾಲ್ತಿಲ್ಲ" ಅಂತ ಇನ್ನಷ್ಟು ಹಾಕುತ್ತಾರೆ. ಉಳಿದ ಬೇರೂ ಹೋಗುತ್ತದೆ. ಮುಂಬೈಯಲ್ಲಿ ಆರ್ಕಿಡ್ ಸಾಯುವುದು ಹೆಚ್ಚಾಗಿ ಹೀಗೆಯೇ. ಸುಕ್ಕಾದ ಬಲ್ಬು ಕಂಡರೆ ನೀರಿನ ಮಗ್ ಕೆಳಗಿಡಿ. ಮೊದಲು ಬೇರು ನೋಡಿ.

ಈಗ ಸಮಯದ ಮಾತು. ನಾನು ಇವತ್ತು ಬಂದಿದ್ದೇ ಇದನ್ನು ಹೇಳಲು. "ಯಾವ ತಿಂಗಳಲ್ಲಿ ರೀಪಾಟ್ ಮಾಡ್ಬೇಕು?" ಅಂತ, ಅಂದರೆ ಕುಂಡ ಯಾವಾಗ ಬದಲಿಸಬೇಕು ಅಂತ, ಎಲ್ಲರೂ ಕೇಳುತ್ತಾರೆ. ಕ್ಯಾಲೆಂಡರ್ ನೋಡಬೇಡಿ, ಬೇರಿನ ತುದಿ ನೋಡಿ.

ಕಾರಣ ಹೇಳುತ್ತೇನೆ. ಈ ಜಾತಿಯ ಆರ್ಕಿಡ್‌ಗಳು ಅಡ್ಡಡ್ಡ ತೆವಳುತ್ತಾ ಬೆಳೆಯುತ್ತವೆ. ಕೆಳಗೆ ಒಂದು ಗಟ್ಟಿ ಕಾಂಡ, ಅದಕ್ಕೆ ರೈಜೋಮ್ ಅನ್ನುತ್ತೇವೆ. ಅದರ ಮೇಲೆ ವರ್ಷಕ್ಕೆ ಒಂದೋ ಎರಡೋ ಹೊಸ ಬಲ್ಬು ಏಳುತ್ತದೆ. ಹೊಸ ಬೇರು ಬರುವುದು ಮುಖ್ಯವಾಗಿ ಆ ಹೊಸ ಚಿಗುರಿನ ಬುಡದಿಂದ. ಹಳೆಯ ಬಲ್ಬಿನ ಬೇರು ಒಮ್ಮೆ ಮುರಿದರೆ ಅಲ್ಲಿಂದ ಮತ್ತೆ ಹೊಸದು ಬರುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಹಾಗಿರುವಾಗ ಗಿಡ ನಿದ್ದೆಯಲ್ಲಿರುವ ಹೊತ್ತಿಗೆ ಕಿತ್ತು ಕತ್ತರಿಸಿದರೆ ಏನಾಗುತ್ತದೆ? ಹಳೆ ಬೇರು ಅರ್ಧ ಮುರಿಯಿತು, ಹೊಸದು ಬರಲು ಇನ್ನೂ ತಿಂಗಳುಗಟ್ಟಲೆ ಇದೆ. ಅಷ್ಟು ದಿನ ಗಿಡ ತನ್ನ ಬಲ್ಬಿನಲ್ಲಿರುವ ನೀರನ್ನೇ ಕುಡಿದು ಬದುಕಬೇಕು. ಅದೇ ಗಿಡವನ್ನು ಹೊಸ ಚಿಗುರಿನ ಬುಡದಲ್ಲಿ ಹಸಿರು ಚುಕ್ಕೆ ಉಬ್ಬಿದಾಗ, ಬೇರು ಕಾಲಿಂಚು ಅರ್ಧ ಇಂಚು ಇಣುಕಿದಾಗ ಎತ್ತಿದರೆ ಆ ಬೇರು ನೇರವಾಗಿ ಹೊಸ ಮೀಡಿಯಾಕ್ಕೇ ಇಳಿಯುತ್ತದೆ. ಗಿಡಕ್ಕೆ ಪೆಟ್ಟು ಬಿದ್ದದ್ದೇ ಗೊತ್ತಾಗುವುದಿಲ್ಲ. ಮೂರು ನಾಲ್ಕು ಇಂಚು ಬೆಳೆಯುವವರೆಗೂ ಕಾದರೆ ಮತ್ತೆ ಕಷ್ಟ, ಆ ಎಳೆ ತುದಿಗಳು ಮುಟ್ಟಿದರೆ ಮುರಿಯುತ್ತವೆ.

ಕ್ಯಾಟ್ಲಿಯಾ ಇದ್ದವರು ಇನ್ನೂ ಸ್ವಲ್ಪ ಗಮನ ಕೊಡಬೇಕು. ಕೆಲವು ಚಿಗುರು ಎಳೆಯದಿರುವಾಗಲೇ ಬೇರು ಬಿಡುತ್ತವೆ. ಕೆಲವು ಬಲ್ಬು ಬಲಿತ ಮೇಲೆ, ಇನ್ನು ಕೆಲವು ಹೂ ಮುಗಿದ ಮೇಲೆ. ನಿಮ್ಮ ಗಿಡ ಯಾವ ಪಂಗಡ ಅಂತ ಒಂದು ವರ್ಷ ಸುಮ್ನೆ ನೋಡಿ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ತಪ್ಪುವುದಿಲ್ಲ.

ನಮ್ಮ ಮುಂಬೈ ಹವೆಯಲ್ಲಿ ಸಾಮಾನ್ಯವಾಗಿ ಚಳಿ ಕಳೆದು ಸೆಕೆ ಏರುವಾಗ, ಫೆಬ್ರವರಿಯಿಂದ ಮೇ ಒಳಗೆ, ಚಿಗುರು ಬೇರು ಎರಡೂ ಓಡುತ್ತವೆ. ಜೂನ್ ಎರಡನೇ ವಾರದ ಹೊತ್ತಿಗೆ ಮಳೆ ಬರುತ್ತದೆ. ಅಷ್ಟರಲ್ಲಿ ಗಾಯ ಆರಿ, ಗಿಡ ಕೂತಿದ್ದರೆ ಮಳೆಗಾಲದ ತೇವದ ಗಾಳಿ ಅದಕ್ಕೆ ವರ. ನಡು ಮಳೆಗಾಲದಲ್ಲಿ ಕತ್ತರಿಸುವುದು ಬೇಡವೇ ಬೇಡ. ಸಾಂತಾಕ್ರೂಜ್‌ನಲ್ಲಿ ಜುಲೈ ಒಂದೇ ತಿಂಗಳ ಸರಾಸರಿ ಮಳೆ 800 ಮಿಲಿಮೀಟರ್ ದಾಟುತ್ತದೆ. ಹಸಿ ಗಾಯ ಆ ತೇವದಲ್ಲಿ ಆರುವುದಿಲ್ಲ, ಕಪ್ಪು ಕೊಳೆ ಹತ್ತಿ ಬಲ್ಬಿನಿಂದ ಬಲ್ಬಿಗೆ ಹರಿಯುತ್ತದೆ. ಪುಣೆಯಲ್ಲಿರುವವರ ಲೆಕ್ಕ ಬೇರೆ. ಅಲ್ಲಿ ಏಪ್ರಿಲ್, ಮೇ ಗಾಳಿ ತೀರಾ ಒಣ, ಮಳೆ ನಮ್ಮಷ್ಟಿಲ್ಲ. ಮೊದಲ ಮಳೆ ಬಿದ್ದು ಗಾಳಿ ತಂಪಾದ ಮೇಲೆ, ನೆರಳಿನಲ್ಲಿಟ್ಟು ಮಾಡಿದರೆ ಚೆನ್ನಾಗಿ ಹಿಡಿಯುತ್ತದೆ. ಗೋವಾದವರಿಗೆ ನಮ್ಮದೇ ಲೆಕ್ಕ, ಮಳೆ ನಮಗಿಂತ ಜೋರು ಅಷ್ಟೆ.

ಇನ್ನು ಈ ಮೇಜಿನ ಮೇಲಿನ ಗಿಡ. ಮುಲುಂಡಿನಿಂದ ಒಬ್ಬ ಅಕ್ಕ ಇದನ್ನು ಲೋಕಲ್ ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದಾರೆ. ಮದುವೆ ಮಂಟಪಗಳಲ್ಲಿ ನೇರಳೆ ಬಣ್ಣದ ಆರ್ಕಿಡ್ ಕಟ್ಟಿರುತ್ತಾರಲ್ವಾ, ಹೆಚ್ಚುಕಡಿಮೆ ಆ ಜಾತಿಯ ಡೆಂಡ್ರೋಬಿಯಂ. ಕಡ್ಡಿಗಳು, ಅಂದರೆ ಈ ಜಾತಿಯ ಉದ್ದನೆಯ ಬಲ್ಬುಗಳು, ಒತ್ತೊತ್ತಾಗಿವೆ. ಅರ್ಧಕ್ಕರ್ಧ ಎಲೆ ಉದುರಿ ಬೋಳಾಗಿವೆ. "ಈ ಬೋಳು ಕಡ್ಡಿ ಎಲ್ಲ ಕತ್ತರಿಸಿ ಹಾಕಲಾ?" ಅಂತ ಅಕ್ಕ ಬಂದ ಕೂಡಲೇ ಕೇಳಿದರು. ಬೇಡ ಅಕ್ಕ. ಮುಟ್ಟಿ ನೋಡಿ, ಇದು ಗಟ್ಟಿಯಾಗಿದೆ, ಉಗುರಿನಿಂದ ಸ್ವಲ್ಪ ಕೆರೆದರೆ ಒಳಗೆ ಹಸಿರು. ಇದು ಗಿಡದ ಉಗ್ರಾಣ. ನೀರು, ಆಹಾರ ಎರಡೂ ಇದರಲ್ಲಿ ಕೂಡಿಟ್ಟಿರುತ್ತದೆ. ಬೋಳು ಕಡ್ಡಿಯ ತುದಿಯಿಂದ ಮತ್ತೆ ಹೂ ಬರುವುದೂ ಉಂಟು. ಕಂದಾಗಿ, ಒತ್ತಿದರೆ ಟೊಳ್ಳಾಗಿ ಅಥವಾ ಮೆತ್ತಗೆ ಆದದ್ದನ್ನು ಮಾತ್ರ ತೆಗೆಯಿರಿ.

ಕುಂಡದಿಂದ ಬಿಡಿಸುವ ಮುಂಚೆ ಅರ್ಧ ಗಂಟೆ ನೀರಿನಲ್ಲಿ ಇಳಿಸಿಡಿ. ಒಣ ಬೇರು ಪಟ್ಟನೆ ಮುರಿಯುತ್ತದೆ, ನೆಂದದ್ದು ಬಾಗುತ್ತದೆ. ಪ್ಲಾಸ್ಟಿಕ್ ಕುಂಡವಾದರೆ ಸುತ್ತ ಒತ್ತಿ ಸಡಿಲ ಮಾಡಿ, ಬರದಿದ್ದರೆ ಕುಂಡವನ್ನೇ ಸೀಳಿ. ಇದು ಮಣ್ಣಿನ ಕುಂಡ. ಬೇರು ಒಳಗೋಡೆಗೆ ಅಂಟಿಬಿಟ್ಟಿದೆ. ಎಳೆದರೆ ಬೇರಿನ ಮೇಲ್ಪದರ ಕುಂಡದಲ್ಲೇ ಉಳಿಯುತ್ತದೆ. ಕುಂಡದ ಮೇಲೆ ದಯೆ ತೋರಿಸಬೇಡಿ, ಸುತ್ತಿಗೆಯಿಂದ ಒಂದು ಏಟು ಕೊಡಿ. ಧಾರಾವಿಯ ಕುಂಭಾರವಾಡಾದಲ್ಲಿ ಇನ್ನೊಂದು ಸಿಗುತ್ತದೆ. ಒಡೆದ ಕುಂಡದ ಚೂರುಗಳಿಗೆ ಅಂಟಿದ ಬೇರನ್ನು ಬಿಡಿಸಲೂ ಹೋಗಬೇಡಿ. ಚೂರು ಸಮೇತ ಹೊಸ ಕುಂಡಕ್ಕೆ ಇಳಿಸಿ, ಗಿಡಕ್ಕೆ ಅದರಿಂದ ಏನೂ ತೊಂದರೆ ಇಲ್ಲ.

(ಇಲ್ಲಿ ಕುಂಡ ಒಡೆದು ಗಿಡವನ್ನು ಹಳೆ ಪೇಪರಿನ ಮೇಲೆ ಇಟ್ಟು ತೋರಿಸಿದೆ.)

ಹತ್ತಿರ ಬಂದು ನೋಡಿ. ಮೇಲಿನ ಅರ್ಧದಲ್ಲಿ ಬೇರು ಬೆಳ್ಳಗೆ, ಗಟ್ಟಿಯಾಗಿ ಇದೆ. ನೀರು ತಾಗಿದ ಕಡೆ ಹಸಿರಾಗಿದೆ. ಇವು ಬದುಕಿವೆ. ಕೆಳಗೆ ಕಾಫಿ ಬಣ್ಣದ ಮುದ್ದೆ. ಈ ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಪದರ ಜಾರಿ ಕೈಗೆ ಬರುತ್ತದೆ, ಒಳಗೆ ಬರೀ ದಾರ ಉಳಿಯುತ್ತದೆ. ಇದು ಸತ್ತಿದೆ, ತೆಗೆಯಬೇಕು. ಮೂಸಿ ನೋಡಿ, ಹುಳಿ ವಾಸನೆ. ಒಳ್ಳೆಯ ಮೀಡಿಯಾಕ್ಕೆ ಕಾಡಿನ ನೆಲದ ವಾಸನೆ ಇರುತ್ತದೆ, ಈ ವಾಸನೆ ಅಲ್ಲ. ಇಲ್ಲಿ ಸಿಪ್ಪೆಯ ಸಂದಿಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಬಸವನಹುಳು ಇವೆ. ಇವು ಎಳೆ ಬೇರಿನ ತುದಿ ತಿನ್ನುತ್ತವೆ. ಹೊಸ ಬೇರು ಬಂದದ್ದು ಯಾಕೆ ಅರ್ಧಕ್ಕೆ ನಿಲ್ಲುತ್ತಿತ್ತು ಅಂತ ಅಕ್ಕನಿಗೆ ಈಗ ಗೊತ್ತಾಯಿತು. ಹಳೆ ಮೀಡಿಯಾ ಒಂದು ಚೂರೂ ಉಳಿಯದ ಹಾಗೆ ನಲ್ಲಿ ಕೆಳಗೆ ತೊಳೆಯಿರಿ. ಕಡ್ಡಿಯ ಸುತ್ತ ಒಣಗಿದ ಕಾಗದದಂಥ ಸಿಪ್ಪೆ ಇದೆಯಲ್ಲ, ಅದನ್ನೂ ಬಿಡಿಸಿ ನೋಡಿ. ಅದರಡಿ ಬಿಳಿ ಚಿಪ್ಪುಹುಳು ಅಡಗಿರುತ್ತದೆ. ಹಳೆಯ ಟೂತ್ ಬ್ರಷ್, ಸೋಪಿನ ನೀರು ಸಾಕು.

ಈಗ ಚಾಕು. ಆರ್ಕಿಡ್‌ಗೆ ಬರುವ ವೈರಸ್‌ಗಳಲ್ಲಿ ಎರಡು ಜಗತ್ತಿನ ಎಲ್ಲ ಕಡೆ ಹರಡಿವೆ. ಸಿಂಬಿಡಿಯಂ ಮೊಸಾಯಿಕ್ ಒಂದು, ಒಡಾಂಟೊಗ್ಲಾಸಂ ರಿಂಗ್‌ಸ್ಪಾಟ್ ಇನ್ನೊಂದು. ಎರಡಕ್ಕೂ ಮದ್ದಿಲ್ಲ. ಎರಡೂ ಹರಡುವುದು ಗಿಡದ ರಸ ತಾಗಿದ ಕತ್ತರಿ, ಚಾಕು, ಕೈಯಿಂದ. ಒಂದು ಗಿಡ ಕತ್ತರಿಸಿ ಅದೇ ಬ್ಲೇಡಿನಲ್ಲಿ ಇನ್ನೊಂದಕ್ಕೆ ಹೋದರೆ ಮನೆಯ ಎಲ್ಲ ಗಿಡಕ್ಕೂ ನೀವೇ ರೋಗ ಹಂಚಿದ ಹಾಗೆ. ಒಂದು ಗಿಡಕ್ಕೆ ಒಂದು ಹೊಸ ಶೇವಿಂಗ್ ಬ್ಲೇಡ್, ಆಮೇಲೆ ಎಸೆಯಿರಿ. ಕತ್ತರಿಯೇ ಬೇಕಾದರೆ ಗ್ಯಾಸ್ ಒಲೆಯ ಉರಿಯಲ್ಲಿ ಚೆನ್ನಾಗಿ ಕಾಯಿಸಿ, ಆರಿಸಿ. ಸ್ಪಿರಿಟ್‌ನಲ್ಲಿ ಒರೆಸಿದರೆ ಸಾಕು ಅನ್ನುವವರಿದ್ದಾರೆ, ವೈರಸ್ ವಿಷಯದಲ್ಲಿ ನಾನು ಅದನ್ನು ನಂಬುವುದಿಲ್ಲ. ಈ ಒಂದು ಶಿಸ್ತು ದಯವಿಟ್ಟು ಬಿಡಬೇಡಿ.

ಎಲ್ಲಿ ಕತ್ತರಿಸಬೇಕು? ಗಿಡವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಅಗಲಿಸಿ. ತಾನಾಗಿ ಬೇರಾಗುವ ಜಾಗ ಕಾಣುತ್ತದೆ. ಪ್ರತಿ ತುಂಡಿನಲ್ಲಿ ಕನಿಷ್ಠ ಮೂರು ನಾಲ್ಕು ಬಲ್ಬು, ಒಂದು ಹೊಸ ಚಿಗುರು ಅಥವಾ ಬದುಕಿರುವ ಕಣ್ಣು (ಬುಡದಲ್ಲಿ ಚಿಗುರೊಡೆಯುವ ಮೊಗ್ಗು), ಸ್ವಲ್ಪವಾದರೂ ಒಳ್ಳೆಯ ಬೇರು ಇರಲಿ. ಇಲ್ಲೇ ಆಸೆ ಅಡ್ಡ ಬರುವುದು. "ಎಂಟು ಕುಂಡ ಆಗುತ್ತಲ್ವಾ?" ಅಂತ ಯಾರೋ ಹಿಂದಿನಿಂದ ಕೇಳಿದರು. ಆಗುತ್ತದೆ. ಎಂಟೂ ಎರಡು ಮೂರು ವರ್ಷ ಹೂ ಬಿಡದೆ ಕೂರುತ್ತವೆ, ಅದರಲ್ಲಿ ಕೆಲವು ಹೋಗುತ್ತವೆ. ಈ ಗಿಡವನ್ನು ನಾನು ಮೂರೇ ಮಾಡುತ್ತೇನೆ. ಮೂರೂ ಮುಂದಿನ ವರ್ಷ ಹೂ ಬಿಡುವ ಶಕ್ತಿ ಇಟ್ಟುಕೊಂಡಿರುತ್ತವೆ.

ಕತ್ತರಿಸಿದ ಜಾಗಕ್ಕೆ ಸಾಫ್ ಅನ್ನುವ ಶಿಲೀಂಧ್ರನಾಶಕ ಪುಡಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಹಚ್ಚಿ, ಕೈಗೆ ಗ್ಲೌಸ್ ಇರಲಿ. ಅದು ಬೇಡ ಅಂದರೆ ಅಡುಗೆಮನೆಯ ದಾಲ್ಚಿನ್ನಿ ಪುಡಿ ಆಗುತ್ತದೆ. ಆದರೆ ಗಾಯದ ಮುಖಕ್ಕೆ ಮಾತ್ರ. ಬೇರಿನ ಮೇಲೆ ಉದುರಿಸಿದರೆ ದಾಲ್ಚಿನ್ನಿ ಅದನ್ನು ಒಣಗಿಸುತ್ತದೆ. ನೆರಳಿನಲ್ಲಿ ಒಂದು ದಿನ ಹಾಗೇ ಬಿಡಿ. ಆರ್ಕಿಡ್‌ಗೆ ಒಂದು ದಿನ ಬರಿಬೇರಿನಲ್ಲಿ ಇರುವುದು ದೊಡ್ಡ ವಿಷಯವೇ ಅಲ್ಲ.

ಧೈರ್ಯ ಸಾಲದವರಿಗೆ ಇನ್ನೊಂದು ದಾರಿ ಇದೆ, ನನಗೆ ಇದೇ ಹೆಚ್ಚು ಇಷ್ಟ. ಗಿಡ ಕುಂಡದಲ್ಲೇ ಇರಲಿ. ಡಿಸೆಂಬರ್, ಜನವರಿಯಲ್ಲಿ ರೈಜೋಮನ್ನು ಮಾತ್ರ ಬೇಕಾದ ಕಡೆ ಕತ್ತರಿಸಿ ಹಾಗೇ ಬಿಟ್ಟುಬಿಡಿ. ಯಾವ ಬೇರೂ ಅಲುಗಲಿಲ್ಲ. ಆದರೆ ಹಿಂದಿನ ಹಳೆ ಬಲ್ಬುಗಳಿಗೆ ಮುಂದಿನ ಚಿಗುರಿನ ಸಂಬಂಧ ತಪ್ಪಿತು. ಅಲ್ಲಿಯವರೆಗೆ ಮಲಗಿದ್ದ ಕಣ್ಣು ಎಷ್ಟೋ ಸಲ ಎಚ್ಚರವಾಗಿ ಚಿಗುರುತ್ತದೆ. ಬೇಸಿಗೆಯಲ್ಲಿ ಆ ಚಿಗುರಿಗೆ ಬೇರು ಇಣುಕಿದಾಗ ಬಿಡಿಸಿಕೊಂಡರಾಯಿತು. ತಾಯಿ ಗಿಡವೂ ಗಟ್ಟಿ, ಮರಿಯೂ ಗಟ್ಟಿ. ಕಾಯುವ ತಾಳ್ಮೆ ಇರುವವರು ಹೀಗೇ ಮಾಡಿ.

ಮೀಡಿಯಾ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಇದ್ದಿಲು, ಇಟ್ಟಿಗೆ ಚೂರು, ಸ್ವಲ್ಪ ತೆಂಗಿನ ಸಿಪ್ಪೆ. ಇದ್ದಿಲು ಇಸ್ತ್ರಿ ಅಂಗಡಿಯವರನ್ನು ಕೇಳಿದರೆ ಸಿಗುತ್ತದೆ, ಮರದ ಇದ್ದಿಲೇ ಆಗಬೇಕು. ಒಂದಿಂಚು ತುಂಡು ಮಾಡಿ, ಪುಡಿ ಹೋಗುವ ಹಾಗೆ ತೊಳೆಯಿರಿ. ತೆಂಗಿನ ಸಿಪ್ಪೆಯಲ್ಲಿ ಉಪ್ಪಿನಂಶ ಇರುತ್ತದೆ. ನಾಲ್ಕೈದು ದಿನ ನೀರು ಬದಲಿಸುತ್ತಾ ನೆನೆಸಿ ಆಮೇಲೆ ಬಳಸಿ. ಕಿಟಕಿಯ ಗ್ರಿಲ್‌ನಲ್ಲಿ ಮಳೆಗೆ ತೆರೆದಿಡುವವರು ಸಿಪ್ಪೆಯನ್ನು ಬಿಟ್ಟೇಬಿಡಬಹುದು. ಎರಡು ಮಳೆಗಾಲಕ್ಕೆ ಅದು ಕೊಳೆಯುತ್ತದೆ, ಇದ್ದಿಲು ಇಟ್ಟಿಗೆ ಹಾಗೇ ಇರುತ್ತವೆ. ನಮ್ಮ ಮಹಾನಗರಪಾಲಿಕೆಯ ನೀರು ಕೆರೆ, ಅಣೆಕಟ್ಟಿನದು. ಮೆದು ನೀರು, ಆರ್ಕಿಡ್‌ಗೆ ಚಿನ್ನ. ಸೊಸೈಟಿಯಲ್ಲಿ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬರುತ್ತಿದ್ದರೆ ಇದ್ದಿಲಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ಅಂಥವರು ಮಳೆನೀರು ಹಿಡಿದಿಟ್ಟು ಆಗಾಗ ಕುಂಡ ತೊಳೆಯಿರಿ.

ಕುಂಡ ಸಣ್ಣದಿರಲಿ. ಎರಡು ವರ್ಷದ ಬೆಳವಣಿಗೆಗೆ ಜಾಗ ಇದ್ದರೆ ಸಾಕು. ಹಳೆ ಬಲ್ಬಿನ ಬೆನ್ನನ್ನು ಕುಂಡದ ಅಂಚಿಗೆ ಒರಗಿಸಿ, ಹೊಸ ಚಿಗುರಿನ ಮುಖ ನಡುವಿಗೆ ಬರಲಿ. ಗಿಡ ಮುಂದೆ ನಡೆಯುವುದು ಆ ಕಡೆಗೇ. ರೈಜೋಮ್ ಮೇಲೆ ಕಾಣುತ್ತಿರಬೇಕು, ಹೂತರೆ ಕೊಳೆಯುತ್ತದೆ. ಕೊನೆಯದು ಬಹಳ ಮುಖ್ಯ. ಗಿಡ ಅಲುಗಬಾರದು. ಒಂದು ಬಿದಿರು ಕಡ್ಡಿ ನೆಟ್ಟು ಹಳೆ ಪಂಚೆಯ ಪಟ್ಟಿಯಿಂದ ಕಟ್ಟಿ. ನಮ್ಮ ಏಳನೇ, ಹತ್ತನೇ ಮಹಡಿಯ ಗಾಳಿಗೆ ಗಿಡ ತೂಗಾಡಿದರೆ ಎಳೆ ಬೇರಿನ ತುದಿ ಇದ್ದಿಲಿಗೆ ಉಜ್ಜಿ ಉಜ್ಜಿ ಸಾಯುತ್ತದೆ. ಎಲ್ಲ ಸರಿ ಮಾಡಿದರೂ ಗಿಡ ಹಿಡಿಯಲಿಲ್ಲ ಅಂದರೆ ಮೊದಲು ಇದನ್ನೇ ನೋಡಿ.

ಆಮೇಲಿನ ಕೆಲಸ ಕಡಿಮೆ. ಒಂದೆರಡು ವಾರ ನೆರಳು, ಬೆಳಗ್ಗೆ ಎಲೆಗೆ ತುಂತುರು ನೀರು. ಏಸಿಯ ಹೊರಗಿನ ಯೂನಿಟ್ ಬಿಸಿಗಾಳಿ ಊದುವ ಜಾಗ ಬೇಡ. ಹೊಸ ಬೇರು ಒಂದೆರಡು ಇಂಚು ಆಗುವವರೆಗೆ ಗೊಬ್ಬರ ಮುಟ್ಟಬೇಡಿ. ಆಮೇಲೆ 19-19-19 ಅನ್ನುವ ನೀರಿನಲ್ಲಿ ಕರಗುವ ಗೊಬ್ಬರವನ್ನು ಲೀಟರಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ. ಮಳೆ ಶುರುವಾದಾಗ ಸಜ್ಜಾದ ಕೆಳಗೆ ಸರಿಸಿ.

ಪ್ರಶ್ನೆಗಳಲ್ಲಿ ಎರಡು ಮೂರನ್ನು ಇಲ್ಲಿ ಬರೆಯುತ್ತೇನೆ. ಚೆಂಬೂರಿನ ಹಿರಿಯರೊಬ್ಬರು ತಮ್ಮ ಕ್ಯಾಟ್ಲಿಯಾಕ್ಕೆ ಒಂದು ಬೇರೂ ಉಳಿದಿಲ್ಲ, ಎಸೆಯಬೇಕಾ ಅಂತ ಕೇಳಿದರು. ಬೇಡ. ಬಲ್ಬು ಹಸಿರಾಗಿ ಗಟ್ಟಿಯಾಗಿದ್ದರೆ ಆಸೆ ಇದೆ. ಕೊಳೆತದ್ದೆಲ್ಲ ತೆಗೆದು, ಖಾಲಿ ಕುಂಡದ ತಳಕ್ಕೆ ಸ್ವಲ್ಪ ಒದ್ದೆ ಸ್ಫ್ಯಾಗ್ನಂ ಪಾಚಿ ಹಾಕಿ, ಗಿಡವನ್ನು ಅದಕ್ಕೆ ತಾಗಿಯೂ ತಾಗದ ಹಾಗೆ ಕಟ್ಟಿ ನೆರಳಲ್ಲಿಡಿ. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಸಡಿಲವಾಗಿ ಮುಚ್ಚಿ, ಗಾಳಿಯಾಡಲು ನಾಲ್ಕು ತೂತು ಇರಲಿ. ಪಾಚಿ ತೇವ ಇರಬೇಕು, ಹಿಂಡಿದರೆ ನೀರು ಸುರಿಯಬಾರದು. ಹೊಸ ಚಿಗುರು ಬಂದು ಅದರ ಬುಡಕ್ಕೆ ಬೇರು ಬರುವವರೆಗೆ ಕಾಯಬೇಕು, ತಿಂಗಳುಗಳೇ ಆಗಬಹುದು. ಎಲೆ ಇಲ್ಲದ ಹಳೆ ಬಲ್ಬುಗಳನ್ನೂ ಹೀಗೇ ಎಬ್ಬಿಸಬಹುದು. ಹೂವಿಗೆ ಎರಡು ಮೂರು ವರ್ಷ ಹಿಡಿಯುತ್ತದೆ, ಆದರೆ ಗಿಡ ಮಾತ್ರ ಅದೇ ಗಿಡ, ಅದೇ ಬಣ್ಣ.

ಊರಿಗೆ ಹೋದಾಗ ಘಟ್ಟದ ಮರದಿಂದ ಸೀತಾಳೆ ಕಿತ್ತು ತರಬಹುದಾ ಅಂತ ಒಬ್ಬರು ಕೇಳಿದರು. ದಯವಿಟ್ಟು ಬೇಡ. ಕಾಡಿನ ಆರ್ಕಿಡ್ ತಾನು ಕೂತ ತೊಗಟೆಗೆ, ಅಲ್ಲಿನ ಗಾಳಿಗೆ ಒಗ್ಗಿರುತ್ತದೆ. ಕಿತ್ತರೆ ಬೇರು ಅಲ್ಲೇ ಉಳಿಯುತ್ತದೆ, ಇಲ್ಲಿ ಗ್ರಿಲ್‌ನಲ್ಲಿ ಗಿಡ ನಿಧಾನವಾಗಿ ಸಾಯುತ್ತದೆ. ಅಲ್ಲೇ ನೋಡಿ ಬನ್ನಿ. ಬೇಕಾದರೆ ಇವತ್ತಿನ ಮೂರರಲ್ಲಿ ಒಂದು ತುಂಡನ್ನು ಅಕ್ಕ ಕೊಡಲು ಒಪ್ಪಿದ್ದಾರೆ.

ಫಲೆನಾಪ್ಸಿಸ್ ಮತ್ತು ವಾಂಡಾ ಇರುವವರಿಗೆ ಒಂದು ಎಚ್ಚರಿಕೆ. ಇವು ಅಡ್ಡ ಬೆಳೆಯುವುದಿಲ್ಲ, ಒಂದೇ ಕಾಂಡ ಮೇಲಕ್ಕೆ ಹೋಗುತ್ತದೆ. ಇವತ್ತು ಹೇಳಿದ ಹಾಗೆ ಕತ್ತರಿಸಿದರೆ ಗಿಡ ಹೋಯಿತು. ಫಲೆನಾಪ್ಸಿಸ್‌ನಲ್ಲಿ ಹೂಕಡ್ಡಿಯ ಮೇಲೆ ಕೆಲವೊಮ್ಮೆ ಮರಿ ಬರುತ್ತದೆ, ಅದಕ್ಕೆ ಒಂದೆರಡು ಇಂಚಿನ ಬೇರು ಎರಡು ಮೂರು ಬಂದ ಮೇಲೆ ಬಿಡಿಸಿಕೊಳ್ಳಿ. ವಾಂಡಾ ಬುಡದಲ್ಲಿ ಎಲೆ ಉದುರಿ ಉದ್ದಕ್ಕೆ ಬೋಳಾಗಿದ್ದರೆ ಮೇಲಿನ ಭಾಗದಲ್ಲಿ ಮೂರು ನಾಲ್ಕು ಒಳ್ಳೆಯ ಗಾಳಿಬೇರು ಇವೆಯೇ ನೋಡಿ, ಅವುಗಳ ಕೆಳಗೆ ಕತ್ತರಿಸಿ. ಮೇಲಿನದು ಹೊಸ ಗಿಡ. ಕೆಳಗಿನ ಮೋಟನ್ನು ಎಸೆಯಬೇಡಿ, ಎಲೆ ಒಂದಿಷ್ಟು ಉಳಿದಿದ್ದರೆ ಅದರ ಪಕ್ಕದಿಂದ ಮರಿ ಒಡೆಯುತ್ತದೆ.